ಮಕ್ಕಳ ಪಾಠಕ್ಕೆ ಆಟವನ್ನು ಕರೆತಂದ ಪಂಜೆ ಮಂಗೇಶರಾಯರು

ಹಂಪನಕಟ್ಟೆಯಲ್ಲಿ ಇಂದು ವಿಶ್ವವಿದ್ಯಾನಿಲಯ ಕಾಲೇಜು ಎಂದು ಹೆಸರಾಗಿರುವ ವಿದ್ಯಾಸಂಸ್ಥೆಯ ಮುಂದೆ ಹಾದುಹೋಗದ ಮಂಗಳೂರಿಗರು ವಿರಳ. 1868ರಲ್ಲಿ ಆರಂಭಗೊಂಡ ಈ ಸಂಸ್ಥೆಯನ್ನು ನಮ್ಮ ಹಿರಿಯರು ಸರಕಾರಿ ಕಾಲೇಜು ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಇಲ್ಲಿ ಕನ್ನಡ ಕಲಿಸುವ ಕೆಲಸಕ್ಕೆ ಸೇರಿದ ತರುಣರೊಬ್ಬರು ಮುಂದೆ ಕನ್ನಡ ನಾಡಿನ ಮಕ್ಕಳಿಗೆಲ್ಲ ಗುರುಗಳಾದರು. ಅವರೇ ಪಂಜೆ ಮಂಗೇಶರಾಯರು. ನಗರದ ಒಂದು ರಸ್ತೆಗೆ ಅವರ ಹೆಸರಿದೆ. ಆದರೆ ಜನರು ಅದನ್ನು ಪಿ.ಎಂ. ರಾವ್ ರಸ್ತೆ ಎಂದು ಚುಟುಕಾಗಿ ಕರೆಯುವುದರಿಂದ, ಆ ಹೆಸರು ಯಾರದೆಂದು ಕೇಳಿದರೆ ಉತ್ತರಿಸಬಲ್ಲ ಎಳೆಯರು ಕಡಿಮೆ.

ರಾಯರು ಕ್ರೈಸ್ತರಲ್ಲ. ಹಾಗಿರುವಾಗ ನಮ್ಮ ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಅವರ ಚರಿತ್ರೆಗೆ ಎಡೆ ಏಕೆ ಎಂದು ಕೆಲವರಿಗೆ ಅನಿಸಬಹುದು. ಈ ಊರಿನಲ್ಲಿ ದೇವಾಲಯದ ಗೋಡೆಗೆ ತಾಗಿಯೇ ಶಾಲೆ ಎದ್ದಿರುವುದು ವಾಡಿಕೆ. 1870ರಲ್ಲಿ ಅಪೊಸ್ತೊಲಿಕ್ ಕಾರ್ಮೆಲ್ ಭಗಿನಿಯರು ಬಂದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಮಕ್ಕಳಿಗೆ ಅಕ್ಷರ ಕಲಿಸುವುದನ್ನು ನಮ್ಮ ಹಿರಿಯರು ದೇವರ ಸೇವೆಯೆಂದೇ ಬಗೆದಿದ್ದರು. ಆ ಸೇವೆಯನ್ನು ನಾವಿಂದು ಹೇಗೆ ಮಾಡುತ್ತಿದ್ದೇವೆಂದು ನೋಡಿಕೊಳ್ಳುವುದಕ್ಕೆ ರಾಯರ ಜೀವನವು ಒಳ್ಳೆಯ ಕನ್ನಡಿಯಾಗಿದೆ.

ರಾಯರು ಜನಿಸಿದ್ದು 1874ನೆಯ ಇಸವಿಯ ಫೆಬ್ರವರಿ 22ರಂದು, ನೇತ್ರಾವತಿಯ ದಡದ ಬಂಟ್ವಾಳದಲ್ಲಿ. ಅವರದು ಸಾರಸ್ವತ ಮನೆತನ. ಮನೆಯಲ್ಲಿ ಸಿರಿತನವಿರಲಿಲ್ಲ. ಮನೆಮಾತು ಕೊಂಕಣಿ, ಹೊರಗೆ ಅಂಗಡಿ ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮನೆಯ ಮಾತೊಂದು, ಪಾಠದ ಮಾತು ಇನ್ನೊಂದು ಆಗಿರುವ ಮಗುವಿನ ಸಂಕಟವನ್ನು ನಮ್ಮ ಕೊಂಕಣಿ ಕ್ರೈಸ್ತ ಕುಟುಂಬಗಳಿಗೆ ವಿವರಿಸಬೇಕಾಗಿಲ್ಲ. ಆ ಸಂಕಟವನ್ನು ಸ್ವತಃ ಉಂಡವರಾದುದರಿಂದಲೇ, ಹೊಸ ಭಾಷೆಯು ಮಗುವಿನ ಕಿವಿಗೆ ಮೊದಲು ಇಂಪಾಗಬೇಕು, ಅದರ ಅರ್ಥವೂ ವ್ಯಾಕರಣವೂ ಆಮೇಲೆ ಬರಲಿ ಎಂಬುದು ಅವರಿಗೆ ಹೊಳೆದಿರಬೇಕೆಂದು ನಾನು ನಂಬುತ್ತೇನೆ.

ಆ ಕಾಲದ ಶಾಲೆಗಳ ಸ್ಥಿತಿಯನ್ನು ನೆನೆಯದಿದ್ದರೆ ರಾಯರ ಕಾರ್ಯದ ಬೆಲೆ ತಿಳಿಯದು. ಐಗಳ ಮಠದಲ್ಲಿ ಮಗುವು ಹೊಯಿಗೆಯ ಮೇಲೆ ಬೆರಳಿನಿಂದ ಅಕ್ಷರ ತಿದ್ದಬೇಕಾಗಿತ್ತು. ಮಗ್ಗಿಯನ್ನೂ ಪದ್ಯವನ್ನೂ ಅರ್ಥವಾಗಲಿ ಆಗದಿರಲಿ ಒಕ್ಕೊರಲಿನಿಂದ ಒಪ್ಪಿಸಬೇಕಾಗಿತ್ತು. ತಪ್ಪಿದವರಿಗೆ ಬೆತ್ತ ಕಾದಿರುತ್ತಿತ್ತು. ನಮ್ಮ ಜಿಲ್ಲೆಯು ಆಗ ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದಿತು. ಆ ಪ್ರಾಂತ್ಯದಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಇನ್‌ಸ್ಪೆಕ್ಟರು ನಡೆಸುವ ಪರೀಕ್ಷೆಯಲ್ಲಿ ಎಷ್ಟು ಮಕ್ಕಳು ತೇರ್ಗಡೆಯಾದರು ಎಂಬುದನ್ನು ನೋಡಿ ಶಾಲೆಗೆ ಸಹಾಯಧನ ಕೊಡುವ ಪದ್ಧತಿಯಿತ್ತು. ಹೀಗಾಗಿ ಇನ್‌ಸ್ಪೆಕ್ಟರರ ಭೇಟಿಯೆಂದರೆ ಉಪಾಧ್ಯಾಯರ ಹೊಟ್ಟೆಯ ಪ್ರಶ್ನೆ. ಉಪಾಧ್ಯಾಯರ ಭಯವು ಮಕ್ಕಳ ಬೆನ್ನಿಗೆ ಇಳಿಯುತ್ತಿತ್ತು. ಕಂಠಪಾಠವು ಬಲವಾದುದಕ್ಕೆ ಉಪಾಧ್ಯಾಯರ ಕ್ರೌರ್ಯಕ್ಕಿಂತ ಈ ವ್ಯವಸ್ಥೆಯೇ ಹೆಚ್ಚು ಕಾರಣವೆಂದು ನ್ಯಾಯವಾಗಿ ಹೇಳಬೇಕು.

ಸರಕಾರಿ ಕಾಲೇಜಿನ ಕನ್ನಡ ಪಂಡಿತರಾಗಿ ವೃತ್ತಿಜೀವನವನ್ನು ಆರಂಭಿಸಿದ ರಾಯರು ಆ ವೇಳೆಗೇ ಲೇಖಕರೂ ಆಗಿದ್ದರು. ಮಂಗಳೂರಿನಿಂದ ಹೊರಡುತ್ತಿದ್ದ ‘ಸುವಾಸಿನಿ’ ಪತ್ರಿಕೆಯಲ್ಲಿ 1900ರಲ್ಲಿ ಪ್ರಕಟವಾದ ಅವರ ಕಥೆಯು ಕನ್ನಡದ ಮೊದಮೊದಲ ಸಣ್ಣಕಥೆಗಳಲ್ಲಿ ಒಂದೆಂದು ಗಣನೆ ಪಡೆದಿದೆ. ಪ್ರೌಢರಿಗಾಗಿ ಬರೆದು ಕೀರ್ತಿ ಗಳಿಸುವ ಶಕ್ತಿಯಿದ್ದರೂ ಅವರ ಮನಸ್ಸು ಚಿಕ್ಕ ಮಕ್ಕಳ ಕಡೆಗೆ ವಾಲಿತು. ಮುಂದೆ ಅವರು ವಿದ್ಯಾ ಇಲಾಖೆಯಲ್ಲಿ ಶಾಲೆಗಳ ಇನ್‌ಸ್ಪೆಕ್ಟರರಾದರು. ಉಪಾಧ್ಯಾಯರನ್ನು ತಯಾರಿಸುವ ತರಬೇತಿ ಶಾಲೆಯಲ್ಲಿಯೂ ದುಡಿದರು. ಯಾವ ಹುದ್ದೆಯ ಹೆಸರು ಕೇಳಿ ಹಳ್ಳಿಯ ಶಾಲೆಗಳು ನಡುಗುತ್ತಿದ್ದವೋ ಅದೇ ಹುದ್ದೆಯು ಈಗ ಮಕ್ಕಳ ಗೆಳೆಯರೊಬ್ಬರಿಗೆ ದೊರೆಯಿತು.

ತನಿಖೆಗೆ ಹೋದ ಶಾಲೆಯಲ್ಲಿ ರಾಯರು ತಾವೇ ಮಕ್ಕಳ ಮುಂದೆ ನಿಂತು ಹಾಡುತ್ತಿದ್ದರು, ಕಥೆ ಹೇಳುತ್ತಿದ್ದರು, ಕಥೆಯ ಪಾತ್ರಗಳನ್ನು ಕೈಬಾಯಿ ಆಡಿಸಿ ಅಭಿನಯಿಸುತ್ತಿದ್ದರು ಎಂದು ಅವರನ್ನು ಬಲ್ಲವರು ಸ್ಮರಿಸಿದ್ದಾರೆ. ಹೆದರಿ ಮುದುರಿ ಕುಳಿತಿದ್ದ ಮಕ್ಕಳು ಇಂಥವರ ಮುಂದೆ ಬಾಯಿಬಿಡದೆ ಇರುವುದುಂಟೇ? ಚೆನ್ನಾಗಿ ಕಲಿಸುವ ಬಗೆ ಯಾವುದೆಂಬುದನ್ನು ಸುತ್ತೋಲೆಯಿಂದ ತಿಳಿಸುವುದಕ್ಕಿಂತ ಮಾಡಿ ತೋರಿಸುವುದು ಮೇಲೆಂಬುದನ್ನು ಅವರು ಹೀಗೆ ಆಚರಣೆಗೆ ತಂದರು.

ಅವರ ಮಕ್ಕಳ ಹಾಡುಗಳನ್ನು ಕೇವಲ ವಿನೋದವೆಂದು ತಿಳಿಯಲಾಗದು. ‘ನಾಗರಹಾವು’ ಎಂಬ ಪ್ರಸಿದ್ಧ ಪದ್ಯವನ್ನೇ ನೋಡಿ. ಅದರ ಒಂದೊಂದು ನುಡಿಯ ಕೊನೆಯಲ್ಲಿಯೂ ಒಂದೇ ಅಕ್ಷರದ ಒಂದು ಪುಟ್ಟ ಮಾತು ನಾಲ್ಕು ಸಲ ಮರಳಿ ಮರಳಿ ಬರುತ್ತದೆ. ನಿನ್ನೆ ಮೊನ್ನೆ ಅಕ್ಷರಮಾಲೆಯನ್ನು ಕಲಿತ ಮಗುವೂ ಆ ಸಾಲನ್ನು ಯಾರ ಸಹಾಯವೂ ಇಲ್ಲದೆ ಓದಬಲ್ಲದು. ಓದುವಾಗ ಅದರ ಕೈ ತಾನಾಗಿಯೇ ಹಾವನ್ನು ಕರೆಯುತ್ತದೆ, ಬೀಳ್ಕೊಡುತ್ತದೆ. ಆಟ, ಹಾಡು, ಓದು ಮೂರೂ ಅಲ್ಲಿ ಒಂದೇ ಆಗಿವೆ. ಆ ಆಟಕ್ಕೆ ತಾಳದ ಕಟ್ಟುಪಾಡೂ ಉಂಟು. ತಪ್ಪಿದರೆ ಮಗುವಿನ ಕಿವಿಗೇ ಗೊತ್ತಾಗುತ್ತದೆ, ತಿದ್ದುವುದಕ್ಕೆ ಬೆತ್ತ ಬೇಡ.

ಕಥೆಗಳಲ್ಲಿಯೂ ಇದೇ ಜಾಣ್ಮೆಯಿದೆ. ಮಳೆಗಾಲಕ್ಕೆಂದು ಸಿಗಡಿಯನ್ನು ಬಿಸಿಲಿಗೆ ಹರಡುವುದು ನಮ್ಮ ಕರಾವಳಿಯ ಮನೆಗಳಿಗೆ ಚಿರಪರಿಚಿತವಾದ ಕೆಲಸ. ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬ ರಾಯರ ಕಥೆಯಲ್ಲಿ ಒಂದು ಪ್ರಶ್ನೆಗೆ ಬಂದ ಉತ್ತರವು ಇನ್ನೊಂದು ಪ್ರಶ್ನೆಯನ್ನು ಹುಟ್ಟಿಸುತ್ತದೆ. ಸರಪಳಿಯ ಕೊಂಡಿಗಳಂತೆ ಕಥೆ ಬೆಳೆಯುತ್ತ ಹೋಗುತ್ತದೆ. ಎರಡು ಕೊಂಡಿಗಳನ್ನು ಕೇಳಿದ ಮಗುವು ಮೂರನೆಯ ಪ್ರಶ್ನೆಯನ್ನು ತಾನೇ ಕೇಳುತ್ತದೆ. ತರಗತಿಯಲ್ಲಿ ಅರ್ಧ ಮಕ್ಕಳು ಪ್ರಶ್ನೆ ಕೇಳಲಿ, ಉಳಿದವರು ಉತ್ತರ ಹೇಳಲಿ, ಉಪಾಧ್ಯಾಯರು ಪಕ್ಕಕ್ಕೆ ಸರಿದು ನಿಲ್ಲಬಹುದು. ಒಂದು ಸಂಗತಿಗೆ ಕಾರಣವಿರುತ್ತದೆ, ಆ ಕಾರಣಕ್ಕೂ ಕಾರಣವಿರುತ್ತದೆ ಎಂಬ ವಿಚಾರವನ್ನು ನಾವು ಗುರುಮಠದಲ್ಲಿ ತತ್ತ್ವಶಾಸ್ತ್ರದ ಪಾಠವಾಗಿ ಕಲಿತೆವು. ಅದರ ಬೀಜವನ್ನು ರಾಯರು ಆರು ವರ್ಷದ ಮಗುವಿನ ಅಂಗೈಯಲ್ಲಿಟ್ಟರು.

ಚಿಕ್ಕ ಮಕ್ಕಳಿಗೆ ಆಟದ ಮೂಲಕ ಕಲಿಸಬೇಕೆಂಬ ಮಾತು ಲೋಕಕ್ಕೆ ಹೊಸದೇನಲ್ಲ. ಜರ್ಮನಿಯ ಫ್ರೋಬೆಲರು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಕಿಂಡರ್‌ಗಾರ್ಟನ್ ಎಂಬ ಶಿಶುವಿಹಾರವನ್ನು ಕಟ್ಟಿದರು. ಕಥೋಲಿಕ ಮಹಿಳೆಯಾದ ಡಾಕ್ಟರ್ ಮರಿಯ ಮಾಂಟೆಸ್ಸೊರಿಯವರು 1907ರಲ್ಲಿ ರೋಮ್ ನಗರದ ಬಡವರ ಕೇರಿಯೊಂದರಲ್ಲಿ ಮಕ್ಕಳ ಮನೆಯನ್ನು ತೆರೆದು, ತಕ್ಕ ಸಾಮಗ್ರಿಯನ್ನು ಕೈಗೆ ಕೊಟ್ಟರೆ ಮಗುವು ತನ್ನಷ್ಟಕ್ಕೆ ಕಲಿಯುತ್ತದೆಂದು ತೋರಿಸಿದರು. 1939ರಲ್ಲಿ ಅವರು ಮದ್ರಾಸಿಗೆ ಬಂದು ನಮ್ಮ ದೇಶದ ನೂರಾರು ಉಪಾಧ್ಯಾಯರಿಗೆ ತರಬೇತಿಯನ್ನೂ ನೀಡಿದರು. ಆ ವೇಳೆಗೆ ರಾಯರು ತೀರಿಕೊಂಡು ಎರಡು ವರ್ಷಗಳಾಗಿದ್ದವು.

ಆದರೆ ರಾಯರ ಕೆಲಸದಲ್ಲಿ ಒಂದು ವಿಶೇಷವಿದೆ. ಆಟವು ಶಾಲೆಗೆ ಸೇರುವ ಮುಂಚಿನ ವಯಸ್ಸಿಗೆ ಮಾತ್ರ, ಒಂದನೆಯ ತರಗತಿಯ ಹೊಸ್ತಿಲು ದಾಟಿದ ಮೇಲೆ ಮೌನವಾಗಿ ಕುಳಿತು ಬರೆಯುವುದೇ ವಿದ್ಯೆ ಎಂದು ಬಹುಮಂದಿ ಭಾವಿಸುತ್ತಾರೆ. ರಾಯರು ಆ ಹೊಸ್ತಿಲಿನಲ್ಲಿ ಗೋಡೆ ಕಟ್ಟಲಿಲ್ಲ. ಅವರ ಹಾಡು ಕಥೆಗಳು ತಲಪಿದ್ದು ಪ್ರಾಥಮಿಕ ಶಾಲೆಯ ಮಕ್ಕಳಿಗೆ. ಬೆಲೆಬಾಳುವ ಸಾಮಗ್ರಿಯೂ ಅದಕ್ಕೆ ಬೇಕಾಗಲಿಲ್ಲ. ಹುಲ್ಲು ಮಾಡಿನ ಶಾಲೆಯ ಒಬ್ಬ ಬಡ ಉಪಾಧ್ಯಾಯರಿಗೂ ಕಂಠವಿತ್ತು, ಕೈಗಳಿದ್ದವು. ಅಷ್ಟು ಸಾಕಾಗಿತ್ತು.

ಒಬ್ಬರೇ ಬರೆದರೆ ನಾಡಿನ ಮಕ್ಕಳ ಹಸಿವು ಹಿಂಗದೆಂದು ತಿಳಿದು, ಸಮಾನಮನಸ್ಕರ ಜೊತೆಗೂಡಿ ರಾಯರು 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿ, ಮಕ್ಕಳ ಪುಸ್ತಕಗಳು ಹೊರಬರುವಂತೆ ಮಾಡಿದರು. ಶಾಲಾ ಪಠ್ಯಗಳಿಗಾಗಿ ಪದ್ಯಗಳನ್ನು ಆರಿಸಿ ಕೊಟ್ಟರು. ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಬರೆದರು. ಗುರುವಿನ ಸ್ಥಾನದಲ್ಲಿದ್ದವರು ತಮ್ಮನ್ನು ಶಿಷ್ಯನೆಂದು ಕರೆದುಕೊಂಡರು. ಮಕ್ಕಳ ಮಟ್ಟಕ್ಕೆ ಬಾಗಬಲ್ಲವರಿಗೆ ಈ ವಿನಯವು ಸಹಜವಾದುದು.

ಕೊಡಗಿಗೆ ವರ್ಗವಾದಾಗ ಅವರು ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಸೇವೆ ಸಲ್ಲಿಸಿದರು. ಆ ನಾಡಿನ ಬೆಟ್ಟ ಕಣಿವೆಗಳಿಗೂ ವೀರಪರಂಪರೆಗೂ ಮನಸೋತು ‘ಹುತ್ತರಿ ಹಾಡ’ನ್ನು ಕಟ್ಟಿದರು. ಕೊಡವರು ಇಂದಿಗೂ ಅದನ್ನು ಅಭಿಮಾನದಿಂದ ನೆನೆಯುತ್ತಾರೆ. 1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವು ಅವರಿಗೆ ದೊರೆಯಿತು. ಮಕ್ಕಳಿಗಾಗಿ ಬರೆದವರನ್ನು ನಾಡು ಅಷ್ಟು ಎತ್ತರದಲ್ಲಿ ಕುಳ್ಳಿರಿಸಿದ್ದು ಮಕ್ಕಳ ಸಾಹಿತ್ಯಕ್ಕೇ ಸಂದ ಗೌರವ. 1937ರ ಅಕ್ಟೋಬರ್ ತಿಂಗಳಿನಲ್ಲಿ, ಊರಿನಿಂದ ದೂರದ ಹೈದರಾಬಾದಿನಲ್ಲಿ, ತಮ್ಮ 63ನೆಯ ವಯಸ್ಸಿನಲ್ಲಿ ರಾಯರು ಇಹಲೋಕ ಯಾತ್ರೆಯನ್ನು ಮುಗಿಸಿದರು.

ಅವರು ತೆರೆದ ದಾರಿಯಲ್ಲಿ ಇತರರೂ ನಡೆದರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗೆ ನಾಟಕವನ್ನೂ ಕುಣಿತವನ್ನೂ ಉಣಬಡಿಸಿದರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ‘ನಲಿ-ಕಲಿ’ ಎಂಬ ಪದ್ಧತಿಯು 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳ ಮೊದಲ ಎರಡು ತರಗತಿಗಳಿಗೆ ವಿಸ್ತರಿಸಿತು. ಅಲ್ಲಿ ಮಕ್ಕಳು ನೆಲದ ಮೇಲೆ ‘ತಟ್ಟೆ’ಗಳೆಂಬ ಗುಂಪುಗಳಲ್ಲಿ ಕುಳಿತುಕೊಳ್ಳುತ್ತಾರೆ. ಒಂದು ತಟ್ಟೆಯ ಮಕ್ಕಳಿಗೆ ಉಪಾಧ್ಯಾಯರ ನೆರವು, ಇನ್ನೊಂದಕ್ಕೆ ಗೆಳೆಯರ ನೆರವು, ಮತ್ತೊಂದರಲ್ಲಿ ಸ್ವಕಲಿಕೆ. ಮಗುವು ಏಣಿಯ ಮೆಟ್ಟಿಲುಗಳನ್ನು ತನ್ನ ಶಕ್ತಿಗೆ ತಕ್ಕ ವೇಗದಲ್ಲಿ ಏರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದೇ ಹಂತವೆಂದು ಪರಿಗಣಿಸಿ, ಒಂದನೆಯ ಮತ್ತು ಎರಡನೆಯ ತರಗತಿಗಳನ್ನು ಶಿಶುವಿಹಾರದ ಜೊತೆಗೇ ಸೇರಿಸಿತು. ಅದೇ ವರ್ಷದ ಶಾಲಾ ಚೀಲದ ನೀತಿಯು ಎರಡನೆಯ ತರಗತಿಯವರೆಗೆ ಮನೆಪಾಠದ ಬರವಣಿಗೆ ಬೇಡವೆಂದು ಹೇಳಿತು. ಹೊಸ್ತಿಲಿನ ಗೋಡೆ ಬೇಡವೆಂಬ ರಾಯರ ನಡೆಗೆ ಸರಕಾರದ ಮುದ್ರೆ ಬೀಳಲು ಇಷ್ಟು ಕಾಲ ಬೇಕಾಯಿತು.

ಕಾಗದದ ಮೇಲೆ ಮುದ್ರೆ ಬಿದ್ದರೂ ನಮ್ಮ ಮನೆಗಳಲ್ಲಿ ಏನು ನಡೆಯುತ್ತಿದೆ? ಧರ್ಮಗುರುವಾಗಿ ನಾನು ಅನೇಕ ತಂದೆತಾಯಿಯರ ಅಳಲನ್ನು ಕೇಳಿದ್ದೇನೆ. ಆರು ವರ್ಷದ ಮಗುವು ಸಾಯಂಕಾಲ ಟ್ಯೂಷನ್ನಿಗೆ ಹೋಗದಿದ್ದರೆ ಹಿಂದುಳಿಯುತ್ತದೆಂಬ ಭಯ ಅವರದು. ಆ ಭಯವನ್ನು ಹಗುರವಾಗಿ ಕಾಣಲಾರೆ. ಶುಲ್ಕ ಕಟ್ಟಲು ಕೊಲ್ಲಿ ದೇಶಗಳಲ್ಲಿ ದುಡಿಯುವ ತಂದೆಗೆ ಮಗುವಿನ ಅಂಕಪಟ್ಟಿಯೇ ತನ್ನ ಬೆವರಿನ ಲೆಕ್ಕ. ತರಗತಿಯಲ್ಲಿ ಆಟವಾಡಿಸಿದರೆ ಪಾಠ ನಡೆದಿಲ್ಲವೆಂದು ಪೋಷಕರು ದೂರುತ್ತಾರೆಂದು ಉಪಾಧ್ಯಾಯಿನಿಯರೂ ಅಂಜುತ್ತಾರೆ. ಇನ್‌ಸ್ಪೆಕ್ಟರರ ಭಯವು ಹೋಗಿ ಪೋಷಕರ ಭಯವು ಬಂದಿದೆ. ಭಾರ ಹೊರುವ ಬೆನ್ನು ಮಾತ್ರ ಅಂದಿನದೇ.

ಆದರೂ ಒಂದು ಸಂಗತಿಯನ್ನು ನಾವೆಲ್ಲರೂ ಕಂಡಿದ್ದೇವೆ. ಮೊಂತಿ ಹಬ್ಬದ ಒಂಬತ್ತು ದಿನಗಳಲ್ಲಿ ನಮ್ಮ ಪುಟ್ಟ ಮಕ್ಕಳು ಬುಟ್ಟಿಯಲ್ಲಿ ಹೂ ತಂದು, ಬಾಲೆ ಮರಿಯಮ್ಮನವರಿಗೆ ಚೆಲ್ಲುತ್ತ ಕೊಂಕಣಿ ಸ್ತುತಿಗೀತೆಯನ್ನು ಹಾಡುತ್ತಾರೆ. ಯಾರೂ ಅವರನ್ನು ಕೂಡಿಸಿ ಬಾಯಿಪಾಠ ಮಾಡಿಸಿಲ್ಲ. ಹೂಗಳ ಹೆಸರೂ ಹಾಡಿನ ರಾಗವೂ ಸರದಿಯಲ್ಲಿ ನಿಲ್ಲುವ ಶಿಸ್ತೂ ಅವರಿಗೆ ಬಂದಿವೆ, ಮುಪ್ಪಿನವರೆಗೂ ಮರೆಯುವುದಿಲ್ಲ. ದೇವಾಲಯದ ಅಂಗಳದಲ್ಲಿ ನಾವು ನಂಬುವ ಈ ಕಲಿಕೆಯನ್ನು ತರಗತಿಯ ಬಾಗಿಲಲ್ಲಿ ಏಕೆ ಅನುಮಾನಿಸಬೇಕು?

ಆದುದರಿಂದ ಪ್ರಿಯ ಬಾಂಧವರೇ, ಶತಮಾನದ ಈ ಶುಭ ಸಂದರ್ಭದಲ್ಲಿ ನನ್ನ ವಿನಂತಿ ಇಷ್ಟೇ. ಶಾಲೆಯಿಂದ ಬಂದ ಮಗುವನ್ನು ಎಷ್ಟು ಪುಟ ಬರೆದೆ ಎಂದು ಕೇಳುವ ಮೊದಲು ಇಂದು ಏನು ಆಡಿದೆ ಎಂದು ಕೇಳಿರಿ. ಮೊದಲ ಎರಡು ತರಗತಿಗಳ ಮಕ್ಕಳನ್ನು ಟ್ಯೂಷನ್ನಿನಿಂದ ಬಿಡಿಸಿರಿ. ರಾತ್ರಿ ಮಲಗುವ ಮುನ್ನ ರಾಯರ ಒಂದು ಕಥೆಯನ್ನು ಓದಿ ಹೇಳಿರಿ. ಕೊಂಕಣಿಯಲ್ಲಿ ಹೇಳಿದರೂ ಚಿಂತೆಯಿಲ್ಲ. ಉಪಾಧ್ಯಾಯಿನಿಯು ತರಗತಿಯಲ್ಲಿ ಹಾಡಿಸಿದರೆ, ಕುಣಿಸಿದರೆ, ಅದಕ್ಕಾಗಿ ಆಕೆ ಹಿಂದಿನ ದಿನ ಪಟ್ಟ ಶ್ರಮವನ್ನು ಗೌರವಿಸಿರಿ. ನಮ್ಮ ಭಾನುವಾರದ ಕ್ರೈಸ್ತ ಶಿಕ್ಷಣದಲ್ಲಿಯೂ ಚಿಕ್ಕವರಿಗೆ ಪ್ರಶ್ನೋತ್ತರದ ಬಾಯಿಪಾಠವನ್ನು ಕಡಿಮೆ ಮಾಡಿ, ಹಾಡು, ಕಥೆ, ಅಭಿನಯಗಳಿಗೆ ಹೆಚ್ಚು ಹೊತ್ತು ಕೊಡಲು ನಾವು ಆರಂಭಿಸೋಣ. ಚಿಕ್ಕ ಮಕ್ಕಳನ್ನು ಹತ್ತಿರ ಕರೆದು ಅಪ್ಪಿಕೊಂಡ ಯೇಸುಸ್ವಾಮಿಯು ಅವರ ನಗೆಯಲ್ಲಿ ನಮ್ಮ ಧರ್ಮಕೇಂದ್ರವನ್ನು ಮುಂದಿನ ಶತಮಾನಕ್ಕೆ ಹರಸಲಿ.