ಗುರುವಿಲ್ಲದ ನಾಡಿನಲ್ಲಿ ಉಳಿದ ವಿಶ್ವಾಸ: ಸಂತ ಜೋಸೆಫ್ ವಾಜ್‌ರವರ ಜೀವನ

ಮಕ್ಕಳನ್ನು ಕ್ರೈಸ್ತ ವಿಶ್ವಾಸದಲ್ಲಿ ಬೆಳೆಸುವ ಹೊಣೆ ಯಾರದು? ಗುರುಗಳದೇ, ಕನ್ಯಾಸ್ತ್ರೀಯರದೇ, ಭಾನುವಾರದ ಧರ್ಮೋಪದೇಶ ತರಗತಿಯದೇ? ಈ ಪ್ರಶ್ನೆಗೆ ಉತ್ತರ ಬಯಸುವವರು ಸಂತ ಜೋಸೆಫ್ ವಾಜ್‌ರವರ ಜೀವನವನ್ನು ಅವಲೋಕಿಸಬೇಕು. ನೆರೆಯ ಗೋವೆಯಲ್ಲಿ ಜನಿಸಿ, ಕನ್ನಡ ಕರಾವಳಿಯಲ್ಲಿ ಸೇವೆಗೈದು, ಸಿಂಹಳದಲ್ಲಿ ದೇಹವಿಟ್ಟ ಈ ಮಹಾತ್ಮರು ನಮಗೆ ದೂರದವರಲ್ಲ.

ಅವರು 1651ರ ಏಪ್ರಿಲ್ 21ರಂದು ಬಾಣಾವಲಿಯಲ್ಲಿ ಜನಿಸಿದರು. ತಂದೆ ಸಾಂಕವಾಳದ ಕ್ರಿಸ್ತೋವಾಂವ್ ವಾಜ್, ತಾಯಿ ಮರಿಯಾ ದೆ ಮಿರಾಂಡ. ಆರು ಮಕ್ಕಳಲ್ಲಿ ಅವರು ಮೂರನೆಯವರು. ಎಂಟನೆಯ ದಿನ ಬಾಣಾವಲಿಯ ಸ್ನಾನಿಕ ಸಂತ ಯೊವಾನ್ನರ ದೇವಾಲಯದಲ್ಲಿ ಅವರಿಗೆ ಜ್ಞಾನಸ್ನಾನವಾಯಿತು. ದೈವಭಕ್ತಿಯ ಆ ಮನೆಯಲ್ಲಿ ಮೊಳೆತ ಜಪಮಾಲೆಯ ಭಕ್ತಿಯೂ ಬಡವರ ಮೇಲಣ ಕನಿಕರವೂ ಅವರನ್ನು ಕಡೆಯವರೆಗೆ ಬಿಡಲಿಲ್ಲ. 1676ರಲ್ಲಿ ಅವರಿಗೆ ಗುರುದೀಕ್ಷೆಯಾಯಿತು.

1681ರಲ್ಲಿ ಅವರನ್ನು ಕನ್ನಡ ಜಿಲ್ಲೆಗೆ ಕಳುಹಿಸಲಾಯಿತು. ಆಗ ಆ ಸೀಮೆ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿತ್ತು. ಧರ್ಮಾಧಿಕಾರದ ವ್ಯಾಜ್ಯದಿಂದ ಅಲ್ಲಿನ ಕ್ರೈಸ್ತರು ಒಡೆದುಹೋಗಿದ್ದರು. ಮಂಗಳೂರು, ಬಸರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ಸಂಚರಿಸಿ, ಅವರು ಚದುರಿದ ಕುಟುಂಬಗಳನ್ನು ಕೂಡಿಸಿ, ಮಕ್ಕಳಿಗೆ ಪಾಠವನ್ನೂ ಧರ್ಮವನ್ನೂ ಕಲಿಸುವ ಏರ್ಪಾಡು ಮಾಡಿ, 1684ರಲ್ಲಿ ಗೋವೆಗೆ ಮರಳಿದರು. ಮಂಗಳೂರಿನ ಸಮೀಪದ ಮುಡಿಪು ಗುಡ್ಡದ ಪುಣ್ಯಕ್ಷೇತ್ರ ಇಂದಿಗೂ ಅವರ ನೆನಪನ್ನು ಕಾದಿರಿಸಿದೆ.

ಆದರೆ ಅವರ ಮನಸ್ಸು ಸಿಂಹಳದತ್ತ ಇತ್ತು. 1658ರಲ್ಲಿ ಡಚ್ಚರು ಯಾಫ್ನಾ ಪಟ್ಟಣವನ್ನು ವಶಪಡಿಸಿಕೊಂಡು ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. ದೇವಾಲಯಗಳು ಅವರ ಕೈಸೇರಿದವು. ಶಾಲೆಗಳಲ್ಲಿ ಮಕ್ಕಳಿಗೆ ಡಚ್ಚರ ಮತವನ್ನೇ ಬೋಧಿಸಲಾಗುತ್ತಿತ್ತು. 1687ರಲ್ಲಿ ವಾಜ್‌ರವರು ಜಾನ್ ಎಂಬ ನಿಷ್ಠಾವಂತ ಸೇವಕನೊಡನೆ, ಕೂಲಿಯಾಳಿನ ವೇಷದಲ್ಲಿ ಅಲ್ಲಿಗೆ ಹೋಗಿ ಸೇರಿದರು. ಕಾಯಿಲೆಯಿಂದ ಸಾವಿನ ಅಂಚಿಗೆ ಹೋಗಿ ಬದುಕಿ ಬಂದರು. ಕಥೋಲಿಕರು ಯಾರೆಂದು ಕೇಳುವಂತಿರಲಿಲ್ಲ. ಕೇಳಿದರೆ ಹೇಳುವವರೂ ಇರಲಿಲ್ಲ. ಆದುದರಿಂದ ಕೊರಳಿಗೆ ಜಪಮಾಲೆ ಧರಿಸಿ, ಮನೆಮನೆಗೆ ಭಿಕ್ಷೆಗೆ ಹೊರಟರು. ಆ ಮಾಲೆಯನ್ನು ಕಂಡು ಯಾರ ಮುಖ ಅರಳುವುದೋ ಎಂದು ನೋಡುತ್ತಿದ್ದರು. ಕೆಲವರ ಮುಖ ಅರಳಿತು!

ಪ್ರಿಯ ಭಕ್ತಾದಿಗಳೇ, ಇಲ್ಲಿ ಕ್ಷಣಕಾಲ ನಿಂತು ಯೋಚಿಸೋಣ. ಇಪ್ಪತ್ತೊಂಬತ್ತು ವರ್ಷವೆಂದರೆ ಒಂದು ಪೂರ್ಣ ತಲೆಮಾರು. ಗುರುಗಳು ಹೊರಟುಹೋದಾಗ ತೊಟ್ಟಿಲಲ್ಲಿದ್ದ ಕೂಸು ಅಷ್ಟರಲ್ಲಿ ತಾನೇ ಮಕ್ಕಳೊಂದಿಗನಾಗಿತ್ತು. ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಉಪದೇಶವಿಲ್ಲ. ಆದರೂ ಜಪಮಾಲೆಯ ಗುರುತು ಅಳಿದಿರಲಿಲ್ಲ. ಅದನ್ನು ಉಳಿಸಿದವರು ಮನೆಯ ಹಿರಿಯರಲ್ಲದೆ ಮತ್ತಾರು? ವಾಜ್‌ರವರು ಅಲ್ಲಿ ಬಿತ್ತಲು ಹೋದವರಷ್ಟೇ ಅಲ್ಲ, ತಂದೆತಾಯಿಗಳು ಬಿತ್ತಿದುದಕ್ಕೆ ನೀರೆರೆದವರು.

ಇದನ್ನು ಚೆನ್ನಾಗಿ ಅರಿತೇ ಅವರು ಊರೂರಿಗೂ ಗೃಹಸ್ಥರನ್ನು ಉಪದೇಶಿಗಳನ್ನಾಗಿ ನೇಮಿಸಿದರು. ಗುರುವಿಲ್ಲದಾಗ ಜನರನ್ನು ಪ್ರಾರ್ಥನೆಗೆ ಕೂಡಿಸುವುದು, ಮಕ್ಕಳಿಗೆ ಕಲಿಸುವುದು ಅವರ ಕೆಲಸ. ಪ್ರಾರ್ಥನೆಗಳು ತಮಿಳು, ಸಿಂಹಳ ಭಾಷೆಗಳಲ್ಲಿಯೇ ಇರುವಂತೆ ವಾಜ್‌ರವರು ನೋಡಿಕೊಂಡರು. ಪರಭಾಷೆಯ ಜಪ ನಾಲಗೆಯಲ್ಲಿ ನಿಂತೀತು, ಮಗುವಿನ ಹೃದಯಕ್ಕೆ ಇಳಿಯುವುದು ಮಾತೃಭಾಷೆಯೇ. 1692ರಲ್ಲಿ ಕ್ಯಾಂಡಿಗೆ ಹೋದಾಗ ಬೇಹುಗಾರರೆಂಬ ಶಂಕೆಯಿಂದ ಅವರನ್ನು ಸೆರೆಯಲ್ಲಿಟ್ಟರು. 1697ರ ಸಿಡುಬಿನಲ್ಲಿ, ಬಂಧುಗಳೇ ಬಿಟ್ಟುಹೋದ ರೋಗಿಗಳನ್ನು ಮತಭೇದವೆಣಿಸದೆ ಶುಶ್ರೂಷೆ ಮಾಡಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ದೈವಾಧೀನರಾದರು. 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸ್‌ರವರು ಕೊಲಂಬೊದಲ್ಲಿ ಅವರನ್ನು ಸಂತರ ಸಾಲಿಗೆ ಸೇರಿಸಿದರು.

ಕುಟುಂಬವು ಒಂದು ಗೃಹಸಭೆ, ತಂದೆತಾಯಿಗಳೇ ಮಕ್ಕಳಿಗೆ ವಿಶ್ವಾಸದ ಮೊದಲ ಬೋಧಕರು ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಸಾರಿತು. ಸಿಂಹಳದ ಬಡ ಮನೆಗಳು ಅದನ್ನು ಮುನ್ನೂರು ವರ್ಷ ಮೊದಲೇ ಬಾಳಿ ತೋರಿದ್ದವು. ನಿಡಸೋಸಿ, ಹುಕ್ಕೇರಿ, ಗೋಕಾಕ ಸೀಮೆಯ ನಾವು ಅಲ್ಪಸಂಖ್ಯಾತರು. ಒಂದು ಮನೆ ಇಲ್ಲಿ, ಒಂದು ಮನೆ ಅಲ್ಲಿ. ನಮ್ಮ ಪ್ರಾರ್ಥನೆಗೆ ಇಂದು ಯಾರ ಅಡ್ಡಿಯೂ ಇಲ್ಲ. ಹೊಲದಿಂದ ಮರಳಿ, ದೀಪ ಹಚ್ಚಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಜಪಮಾಲೆ ಹಿಡಿಯಲು ಕಾಲು ಗಂಟೆ ಸಾಕು. ಗುರುಗಳು ವಾರಕ್ಕೊಂದು ಗಂಟೆ ಕಲಿಸಿಯಾರು. ಉಳಿದ ಗಂಟೆಗಳೆಲ್ಲ ಮನೆಯವು. ಶತಮಾನೋತ್ಸವದ ಕಲ್ಲಿನ ಕಟ್ಟಡವನ್ನು ನಮ್ಮ ಹಿರಿಯರು ಕೊಟ್ಟುಹೋದರು. ಮುಂದಿನ ಶತಮಾನದಲ್ಲಿ ಅದರೊಳಗೆ ಮೊಣಕಾಲೂರುವವರನ್ನು ಕೊಡಬೇಕಾದವರು ನಾವು. ಸಂತ ಜೋಸೆಫ್ ವಾಜ್‌ರವರು ನಮ್ಮ ಮನೆಗಳಿಗಾಗಿ ಪ್ರಾರ್ಥಿಸಲಿ.