ರೇಖಾಚಾರ್ಯ ಆಂಗ್ರ್

ಪೆನ್ಸಿಲಿನ ಭಾವಚಿತ್ರಕಲೆಯಲ್ಲಿ ಅಗ್ರಗಣ್ಯನೆನಿಸಿದ ಝಾಂ ಒಗುಸ್ತ್ ದೊಮಿನಿಕ್ ಆಂಗ್ರ್ 1780ರ ಆಗಸ್ಟ್ 29ರಂದು ದಕ್ಷಿಣ ಫ್ರಾನ್ಸಿನ ಮೊಂತೊಬಾನ್ ಪಟ್ಟಣದಲ್ಲಿ ಜನಿಸಿದನು. ಶಿಲ್ಪವನ್ನೂ ಅಲಂಕರಣ ಕಲೆಯನ್ನೂ ಬಲ್ಲ ತಂದೆಯೇ ಅವನ ಮೊದಲ ಗುರು. ಚಿತ್ರಕಲೆಯೊಡನೆ ಪಿಟೀಲು ವಾದನವೂ ಬಾಲಕನಿಗೆ ಕರಗತವಾಯಿತು. ತುಲೂಸ್ ನಗರದಲ್ಲಿ ಅಭ್ಯಾಸ ಮಾಡಿ, 1797ರಲ್ಲಿ ಪ್ಯಾರಿಸಿಗೆ ಬಂದು ಪ್ರಖ್ಯಾತ ಕಲಾವಿದ ದಾವೀದನ ಶಿಷ್ಯನಾದನು. 1801ರಲ್ಲಿ ರೋಮ್ ಪಾರಿತೋಷಕವು ಲಭಿಸಿತಾದರೂ, ಸರ್ಕಾರದ ಬೊಕ್ಕಸದ ಕೊರತೆಯಿಂದಾಗಿ ರೋಮಿಗೆ ತೆರಳುವ ಯೋಗ ಕೂಡಿಬಂದುದು 1806ರಲ್ಲಿ.

ಪುರಾಣ, ಇತಿಹಾಸಗಳ ಮಹಾಚಿತ್ರಗಳನ್ನು ರಚಿಸಬೇಕೆಂಬುದು ಅವನ ಹಂಬಲವಾಗಿತ್ತು. ಆದರೆ ನೆಪೋಲಿಯನ್ನನ ಸಾಮ್ರಾಜ್ಯವು ಕುಸಿದೊಡನೆ ರೋಮಿನಲ್ಲಿದ್ದ ಫ್ರೆಂಚ್ ಅಧಿಕಾರಿಗಳು ತೆರಳಿದರು. ಅವರಿಂದ ದೊರೆಯುತ್ತಿದ್ದ ಆಶ್ರಯವೂ ತಪ್ಪಿತು. 1813ರಲ್ಲಿ ವಿವಾಹವಾಗಿದ್ದ ಆಂಗ್ರ್, ಸಂಸಾರ ನಿರ್ವಹಣೆಗಾಗಿ ಇಂಗ್ಲಿಷ್ ಪ್ರವಾಸಿಗಳೇ ಮೊದಲಾದವರ ಭಾವಚಿತ್ರಗಳನ್ನು ಪೆನ್ಸಿಲಿನಲ್ಲಿ ಬರೆದುಕೊಡತೊಡಗಿದನು. ಇದು ಅವನಿಗೆ ಪ್ರಿಯವಾದ ಕೆಲಸವಾಗಿರಲಿಲ್ಲ. ಚಿಕ್ಕ ಭಾವಚಿತ್ರ ಬರೆಯುವವನ ಮನೆ ಇದೆಯೇ ಎಂದು ವಿಚಾರಿಸಿದವನೊಬ್ಬನನ್ನು, ಇಲ್ಲಿರುವವನು ವರ್ಣಚಿತ್ರಕಾರನೆಂದು ಹೇಳಿ ಹಿಂದಿರುಗಿಸಿದನೆಂಬ ಪ್ರತೀತಿಯುಂಟು.

ಮನಸ್ಸು ಒಪ್ಪದಿದ್ದರೂ ಕೈ ಎಂದೂ ಉದಾಸೀನ ತೋರಲಿಲ್ಲ. ಗ್ರಾಫೈಟಿನ ಪುಡಿಗೆ ಜೇಡಿಮಣ್ಣು ಬೆರೆಸಿ ಸುಟ್ಟು ಪೆನ್ಸಿಲಿನ ಕಡ್ಡಿ ತಯಾರಿಸುವ ಕ್ರಮವನ್ನು ಫ್ರಾನ್ಸಿನ ಕೊಂತೆ ಎಂಬಾತನು 1795ರಲ್ಲಿ ಬಳಕೆಗೆ ತಂದಿದ್ದನು. ಮಣ್ಣು ಹೆಚ್ಚಿದಷ್ಟೂ ಕಡ್ಡಿ ಗಟ್ಟಿ, ಗೆರೆ ತಿಳಿ. ಆಂಗ್ರ್ ಚೂಪಾದ ಪೆನ್ಸಿಲಿನಿಂದ ನಯವಾದ ಬಿಳಿಯ ಕಾಗದದ ಮೇಲೆ ಬರೆಯುತ್ತಿದ್ದನು. ಹಣೆ, ಕೆನ್ನೆಗಳಲ್ಲಿ ಕಾಗದದ ಬಿಳುಪನ್ನೇ ಬೆಳಕಾಗಿ ಉಳಿಸಿ, ಕಣ್ಣಿನ ಕುಳಿ, ಮೂಗಿನ ಮಗ್ಗುಲು, ತುಟಿಯ ಕೆಳಭಾಗ, ಗಲ್ಲದ ಅಡಿ ಇವೆಡೆಗಳಲ್ಲಿ ಎಳೆಎಳೆಯಾದ ಗೆರೆಗಳಿಂದ ಛಾಯೆಯನ್ನು ತರುತ್ತಿದ್ದನು. ನೆರಳು ಎಲ್ಲಿ ಮುಗಿಯಿತು, ಬೆಳಕು ಎಲ್ಲಿ ತೊಡಗಿತೆಂಬುದು ಕಣ್ಣಿಗೆ ಸುಲಭವಾಗಿ ತಿಳಿಯದು. ಉಡುಪನ್ನು ಕೆಲವೇ ಗೆರೆಗಳಲ್ಲಿ ಸೂಚಿಸಿ ಬಿಡುತ್ತಿದ್ದುದರಿಂದ ನೋಡುವವರ ದೃಷ್ಟಿ ಮುಖದಲ್ಲಿಯೇ ನೆಲೆಗೊಳ್ಳುತ್ತದೆ. 1819ರಲ್ಲಿ ಬರೆದ ಪಿಟೀಲು ವಿದ್ವಾಂಸ ಪಗನೀನಿಯ ಚಿತ್ರವು ಇದಕ್ಕೆ ಉತ್ತಮ ನಿದರ್ಶನ.

1824ರ ಪ್ಯಾರಿಸ್ ಪ್ರದರ್ಶನದಲ್ಲಿ ಹದಿಮೂರನೆಯ ಲೂಯಿ ದೊರೆಯ ಹರಕೆಯನ್ನು ಚಿತ್ರಿಸಿದ ಕೃತಿಯು ಅವನಿಗೆ ಬಹುಕಾಲ ಬಯಸಿದ ಕೀರ್ತಿಯನ್ನು ತಂದಿತು. 1835ರಲ್ಲಿ ರೋಮಿನ ಫ್ರೆಂಚ್ ಅಕಾಡೆಮಿಗೆ ನಿರ್ದೇಶಕನಾಗಿ ಹೋಗಿ, ಒಂದು ಕಾಲದಲ್ಲಿ ತಾನು ವಿದ್ಯಾರ್ಥಿಯಾಗಿದ್ದ ಸಂಸ್ಥೆಯಲ್ಲಿಯೇ ಗುರುಪೀಠವನ್ನು ಅಲಂಕರಿಸಿದನು. ವರ್ಣಕ್ಕಿಂತ ರೇಖೆಯೇ ಕಲೆಯ ಬೆನ್ನೆಲುಬೆಂಬುದು ಅವನ ಬೋಧನೆಯ ಸಾರ.

1867ರ ಜನವರಿ 14ರಂದು ಪ್ಯಾರಿಸಿನಲ್ಲಿ, ತನ್ನ 86ನೆಯ ವಯಸ್ಸಿನಲ್ಲಿ, ಆಂಗ್ರ್ ಕಾಲವಶನಾದನು. ಬಳಿಯಿದ್ದ ಸಾವಿರಾರು ರೇಖಾಚಿತ್ರಗಳನ್ನೂ ಪ್ರೀತಿಯ ಪಿಟೀಲನ್ನೂ ಹುಟ್ಟೂರಿಗೆ ದಾನವಾಗಿತ್ತನು. ಅವು ಇಂದಿಗೂ ಅಲ್ಲಿಯ ಸಂಗ್ರಹಾಲಯದ ಸಂಪತ್ತಾಗಿವೆ. ಹೊಟ್ಟೆಪಾಡಿಗೆಂದು ಬರೆದ ಆ ಚಿಕ್ಕ ಭಾವಚಿತ್ರಗಳನ್ನು ಕಲಾವಿಮರ್ಶಕರು ಇಂದು ಅವನ ಮಹಾಚಿತ್ರಗಳಿಗೆ ಸರಿಸಮಾನವೆಂದು ಗಣಿಸುತ್ತಾರೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂಬ ಶರಣರ ತತ್ತ್ವವನ್ನು ಆತನು ಅರಿತವನಲ್ಲ. ಆದರೂ ಕೀಳೆಂದು ಬಗೆದ ಕೆಲಸದಲ್ಲಿಯೂ ಒಂದು ಗೆರೆಯನ್ನು ಸಡಿಲಬಿಡದ ಅವನ ಬಾಳು ಅದೇ ತತ್ತ್ವಕ್ಕೆ ಸಾಕ್ಷಿಯಾಗಿ ನಿಂತಿದೆ.