ನ್ಯಾಯಕ್ಕೆ ದಾರಿ ತೆರೆದ ದೊರೆ ದ್ವಿತೀಯ ಹೆನ್ರಿ

ಹನ್ನೆರಡನೆಯ ಶತಮಾನದ ಇಂಗ್ಲೆಂಡಿನಲ್ಲಿ ಒಬ್ಬ ಸ್ವತಂತ್ರ ರೈತನ ಹೊಲವನ್ನು ಬಲಶಾಲಿಯಾದ ಜಹಗೀರುದಾರನು ತನ್ನ ಆಳುಗಳೊಡನೆ ಬಂದು ಕಸಿದುಕೊಂಡರೆ, ಆ ರೈತನು ಯಾರಲ್ಲಿ ಮೊರೆಯಿಡಬೇಕು? ಅನೇಕ ವೇಳೆ ಅದೇ ಜಹಗೀರುದಾರನ ನ್ಯಾಯಸಭೆಯಲ್ಲಿಯೇ! ಕಸಿದವನೇ ತೀರ್ಪುಗಾರನಾಗಿ ಕುಳಿತಲ್ಲಿ ನ್ಯಾಯವೆಂಬುದು ಬರಿಯ ಮಾತು. ಈ ಸ್ಥಿತಿಗೆ ಪರಿಹಾರವನ್ನು ಯೋಚಿಸಿ ಕಾರ್ಯರೂಪಕ್ಕೆ ತಂದವನು ಇಂಗ್ಲೆಂಡಿನ ಅರಸು ದ್ವಿತೀಯ ಹೆನ್ರಿ.

ಹೆನ್ರಿಯು 1133ರ ಮಾರ್ಚ್ 5ರಂದು ಫ್ರಾನ್ಸಿನ ಲ ಮಾನ್ ಪಟ್ಟಣದಲ್ಲಿ ಜನಿಸಿದನು. ತಂದೆ ಆಂಜೂ ಪ್ರಾಂತದ ಒಡೆಯ ಜೆಫ್ರಿ. ತಾಯಿ ಇಂಗ್ಲೆಂಡಿನ ಅರಸು ಪ್ರಥಮ ಹೆನ್ರಿಯ ಮಗಳು ಮಟಿಲ್ಡಾ. 1135ರಲ್ಲಿ ಅಜ್ಜನು ತೀರಿಕೊಂಡಾಗ ಸಿಂಹಾಸನವು ಮಗಳಿಗೆ ಸಲ್ಲಬೇಕಾಗಿತ್ತು. ಆದರೆ ಆಕೆಯ ಸೋದರಸಂಬಂಧಿ ಸ್ಟೀಫನನು ಅದನ್ನು ಹಿಡಿದನು. ಒಡನೆಯೇ ಅಲ್ಲವಾದರೂ ಕೆಲವೇ ವರ್ಷಗಳಲ್ಲಿ ಅಂತಃಕಲಹ ಹೊತ್ತಿಕೊಂಡಿತು. ಜಹಗೀರುದಾರರು ಅಪ್ಪಣೆಯಿಲ್ಲದೆ ಕೋಟೆಗಳನ್ನು ಕಟ್ಟಿಕೊಂಡರು. ಬಲವಿದ್ದವನು ಬಲವಿಲ್ಲದವನ ನೆಲವನ್ನು ನುಂಗಿದನು. 1153ರ ಒಪ್ಪಂದದಂತೆ ಸ್ಟೀಫನನ ತರುವಾಯ ರಾಜ್ಯವು ಹೆನ್ರಿಗೆ ಸೇರಬೇಕೆಂದು ನಿಶ್ಚಯವಾಯಿತು. 1154ರ ಡಿಸೆಂಬರ್ 19ರಂದು ಅವನಿಗೆ ಪಟ್ಟಾಭಿಷೇಕವಾದಾಗ ವಯಸ್ಸು ಕೇವಲ ಇಪ್ಪತ್ತೊಂದು.

ಅದಕ್ಕೆ ಎರಡು ವರ್ಷಗಳ ಹಿಂದೆಯೇ ಅಕ್ವಿಟೇನಿನ ಒಡತಿ ಎಲಿನರಳನ್ನು ವರಿಸಿದ್ದ ಹೆನ್ರಿಯ ಅಧಿಕಾರವು ಸ್ಕಾಟ್ಲೆಂಡಿನ ಗಡಿಯಿಂದ ಪಿರನೀಸ್ ಪರ್ವತದವರೆಗೆ ಹಬ್ಬಿತ್ತು. ಅವನು ಒಂದೆಡೆ ನಿಲ್ಲುವ ಮನುಷ್ಯನಲ್ಲ. ಸದಾ ಕುದುರೆಯ ಮೇಲೆ ಸಂಚರಿಸುವನು. ಪರಿವಾರದವರು ಅವನ ಹಿಂದೆ ಓಡಿ ಬಸವಳಿಯುವರು. ಓದುಬರಹ ಬಲ್ಲವನು, ಚುರುಕುಬುದ್ಧಿಯವನು, ಆದರೆ ಮಹಾಕೋಪಿ. ಆಳಿದ ಸುಮಾರು 34 ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲವನ್ನು ಅವನು ಇಂಗ್ಲೆಂಡಿನ ಹೊರಗೆಯೇ ಕಳೆದನು. ಆದುದರಿಂದ ಅರಸನು ಇಲ್ಲದಿದ್ದಾಗಲೂ ನಡೆಯುವಂಥ ಆಡಳಿತವು ಅವನಿಗೆ ಬೇಕಾಗಿತ್ತು.

1166ರಲ್ಲಿ ಕ್ಲಾರೆಂಡನಿನಲ್ಲಿ ಸೇರಿದ ಸಭೆಯು ಒಂದು ಶಾಸನವನ್ನು ಹೊರಡಿಸಿತು. ಪ್ರತಿಯೊಂದು ಹೋಬಳಿಯಿಂದ ಹನ್ನೆರಡು ಮಂದಿ, ಪ್ರತಿಯೊಂದು ಹಳ್ಳಿಯಿಂದ ನಾಲ್ವರು ಸಜ್ಜನರು ಪ್ರಮಾಣಮಾಡಿ, ತಮ್ಮ ಸೀಮೆಯಲ್ಲಿ ಕೊಲೆ ಕಳವುಗಳ ಅಪವಾದ ಹೊತ್ತವರು ಯಾರೆಂಬುದನ್ನು ಅರಸನ ನ್ಯಾಯಾಧೀಶರಿಗೆ ತಿಳಿಸಬೇಕು. ಆದರೆ ಅಪರಾಧದ ನಿರ್ಣಯವು ಇನ್ನೂ ಹಳೆಯ ದಿವ್ಯಪರೀಕ್ಷೆಯಿಂದಲೇ ಆಗುತ್ತಿತ್ತು. ಆರೋಪಿಯನ್ನು ಕಟ್ಟಿ ನೀರಿಗಿಳಿಸುವರು. ಮುಳುಗಿದರೆ ನಿರಪರಾಧಿ, ತೇಲಿದರೆ ಅಪರಾಧಿ!

ನೆಲದ ವ್ಯಾಜ್ಯಗಳಲ್ಲಿ ಹೆನ್ರಿಯು ಇನ್ನೂ ಮುಂದೆ ಹೋದನು. ನೆಲವನ್ನು ಕಳೆದುಕೊಂಡವನು ಅರಸನ ಕಚೇರಿಯಿಂದ ಒಂದು ರಿಟ್ಟನ್ನು, ಎಂದರೆ ಆಜ್ಞಾಪತ್ರವನ್ನು, ಪಡೆಯಬಹುದಾಗಿತ್ತು. ಅದರಂತೆ ಷೆರೀಫನು ನೆರೆಹೊರೆಯ ಹನ್ನೆರಡು ಮಂದಿಯನ್ನು ಕರೆಯಿಸುವನು. ಅವರು ನೆಲವನ್ನು ಕಣ್ಣಾರೆ ಕಂಡು, ನ್ಯಾಯಾಧೀಶರ ಮುಂದೆ ಒಂದೇ ಪ್ರಶ್ನೆಗೆ ಪ್ರಮಾಣಪೂರ್ವಕ ಉತ್ತರ ಕೊಡಬೇಕು: ಇವನನ್ನು ಅವನು ಅನ್ಯಾಯವಾಗಿ, ತೀರ್ಪಿಲ್ಲದೆ, ಹೊರಹಾಕಿದನೆ? ಹೌದೆಂದರೆ ನೆಲವು ಹಿಂದಕ್ಕೆ ಬರುವುದು, ಕಸಿದವನು ದಂಡ ತೆರುವನು. ಪ್ರತಿವಾದಿಯು ಬಾರದೆ ತಪ್ಪಿಸಿಕೊಂಡರೂ ವಿಚಾರಣೆ ನಿಲ್ಲದು. ನಿಜವಾದ ಒಡೆತನ ಯಾರದೆಂಬುದು ಬೇರೆಯ ವಾದ. ಅದನ್ನು ನ್ಯಾಯಸ್ಥಾನದಲ್ಲಿ ಸಾಧಿಸಬೇಕೇ ಹೊರತು ದೊಣ್ಣೆಯಿಂದಲ್ಲ.

1176ರಲ್ಲಿ ದೇಶವನ್ನು ಆರು ಸುತ್ತುಗಳಾಗಿ ವಿಭಾಗಿಸಿ, ಪ್ರತಿಯೊಂದಕ್ಕೂ ಮೂವರಂತೆ 18 ಮಂದಿ ನ್ಯಾಯಾಧೀಶರನ್ನು ಕಳುಹಿಸಿದನು. 1178ರಲ್ಲಿ ಪ್ರಜೆಗಳ ದೂರುಗಳನ್ನು ಕೇಳಲು ಐವರನ್ನು ತನ್ನ ಆಸ್ಥಾನದಲ್ಲಿಯೇ ನಿಲ್ಲಿಸಿದನು. 1179ರಿಂದ ಒಡೆತನದ ವ್ಯಾಜ್ಯದಲ್ಲಿ ಪ್ರತಿವಾದಿಯು ದ್ವಂದ್ವಯುದ್ಧಕ್ಕೆ ಬದಲಾಗಿ ಹನ್ನೆರಡು ಮಂದಿ ನೈಟರ ನಿರ್ಣಯವನ್ನು ಕೇಳಬಹುದಾಯಿತು. ಊರಿಗೊಂದು ಕಟ್ಟಳೆಯಿದ್ದ ನಾಡಿನಲ್ಲಿ ಒಂದೇ ಬಗೆಯ ನ್ಯಾಯವು ಬೇರೂರತೊಡಗಿತು. ಕಾಮನ್ ಲಾ ಎಂಬ ಹೆಸರಿನ ಅರ್ಥವೇ ಅದು, ಎಲ್ಲ ಸೀಮೆಗಳಿಗೂ ಸಮಾನವಾದ ಕಾನೂನು.

ಇದೆಲ್ಲ ಕೇವಲ ಪ್ರಜಾವಾತ್ಸಲ್ಯದಿಂದ ನಡೆಯಿತೆಂದು ಹೇಳಲಾಗದು. ದಂಡ ಮತ್ತು ಶುಲ್ಕಗಳು ಅರಸನ ಬೊಕ್ಕಸಕ್ಕೆ ಸೇರುತ್ತಿದ್ದವು. ಜಹಗೀರುದಾರರ ಬಲ ತಗ್ಗಿದಷ್ಟೂ ಅರಸನ ಬಲ ಹೆಚ್ಚುತ್ತಿತ್ತು. ಮೇಲಾಗಿ ಈ ಬಾಗಿಲು ಸ್ವತಂತ್ರರಿಗೆ ಮಾತ್ರ ತೆರೆದಿತ್ತು. ಒಡೆಯನ ನೆಲಕ್ಕೆ ಕಟ್ಟುಬಿದ್ದು ದುಡಿಯುತ್ತಿದ್ದ ಅಸಂಖ್ಯ ಜೀತದ ಒಕ್ಕಲುಗಳಿಗೆ ತಮ್ಮ ಒಡೆಯನ ಮೇಲೆ ಇಂಥ ರಿಟ್ ದೊರೆಯುತ್ತಿರಲಿಲ್ಲ.

ಅರಸನೇ ಕೋಪಕ್ಕೆ ವಶನಾದಾಗ ಅವನನ್ನು ತಡೆಯುವವರು ಯಾರು? ಲಂಡನ್ನಿನ ವರ್ತಕನ ಮಗನಾದ ಥಾಮಸ್ ಬೆಕೆಟ್ ಹೆನ್ರಿಯ ಆಪ್ತಮಿತ್ರ ಹಾಗೂ ಚಾನ್ಸೆಲರ್. 1162ರಲ್ಲಿ ಹೆನ್ರಿಯು ಅವನನ್ನು ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷನನ್ನಾಗಿ ಮಾಡಿಸಿದನು. ಅಪರಾಧವೆಸಗಿದ ಪಾದ್ರಿಗಳು ಅರಸನ ಶಿಕ್ಷೆಗೂ ಒಳಗಾಗಬೇಕೆಂದು ಹೆನ್ರಿಯ ಹಟ. ಅವರ ವಿಚಾರಣೆ ಶಿಕ್ಷೆಗಳೆರಡೂ ಚರ್ಚಿಗೆ ಸೇರಿದವೆಂದು ಬೆಕೆಟನ ಹಟ. ಮಿತ್ರರು ವೈರಿಗಳಾದರು. ಬೆಕೆಟನು ಆರು ವರ್ಷ ಫ್ರಾನ್ಸಿನಲ್ಲಿ ದೇಶಭ್ರಷ್ಟನಾಗಿದ್ದು ಮರಳಿದನು. ಅರಸನ ಕ್ರೋಧದ ಮಾತುಗಳನ್ನು ಕೇಳಿದ ನಾಲ್ವರು ನೈಟರು 1170ರ ಡಿಸೆಂಬರ್ 29ರಂದು ಅವನನ್ನು ದೇವಾಲಯದೊಳಗೆಯೇ ಕಡಿದು ಕೊಂದರು. ತೀರ್ಪಿಲ್ಲದೆ ಯಾರ ಹೊಲವನ್ನೂ ಕಸಿಯಬಾರದೆಂದು ವಿಧಿಸಿದವನ ಕೋಪಕ್ಕೆ, ತೀರ್ಪಿಲ್ಲದೆ ಒಂದು ಜೀವವೇ ಬಲಿಯಾಯಿತು. 1174ರಲ್ಲಿ ಹೆನ್ರಿಯು ಬರಿಗಾಲಿನಿಂದ ಬೆಕೆಟನ ಸಮಾಧಿಗೆ ನಡೆದು, ಸಂನ್ಯಾಸಿಗಳಿಂದ ಚಾಟಿಯೇಟು ತಿಂದು ಪ್ರಾಯಶ್ಚಿತ್ತ ಮಾಡಿಕೊಂಡನು. ಪಾದ್ರಿಗಳ ವಿಷಯದಲ್ಲಿ ಬಹುಮಟ್ಟಿಗೆ ಸೋಲನ್ನೂ ಒಪ್ಪಿದನು.

ಮನೆಯಲ್ಲಿಯೂ ಅವನಿಗೆ ಶಾಂತಿಯಿರಲಿಲ್ಲ. 1173ರಲ್ಲಿ ಮೂವರು ಮಕ್ಕಳು ಬಂಡೆದ್ದರು. ಅವರೊಡನೆ ಸೇರಿದ ಎಲಿನರಳನ್ನು ಅವನು ತನ್ನ ಕೊನೆಯವರೆಗೂ ಬಂಧನದಲ್ಲಿಟ್ಟನು. 1189ರಲ್ಲಿ ಮಗ ರಿಚರ್ಡನು ಫ್ರಾನ್ಸಿನ ದೊರೆಯೊಡನೆ ಸೇರಿ ತಂದೆಯ ಮೇಲೆ ದಂಡೆತ್ತಿ ಬಂದನು. ಸೋತು ಹಾಸಿಗೆ ಹಿಡಿದಿದ್ದ ಹೆನ್ರಿಗೆ, ಮುದ್ದಿನ ಕಿರಿಯ ಮಗ ಜಾನನೂ ಶತ್ರುಪಕ್ಷ ಸೇರಿದನೆಂಬ ಸುದ್ದಿ ಬಂದಿತು. ಜುಲೈ 6ರಂದು ಶಿನೋನ್ ಕೋಟೆಯಲ್ಲಿ ಅವನು ಕಣ್ಮುಚ್ಚಿದನು.

ಮುಂದೆ ಅರಸನಾದ ಜಾನನು ಮನಬಂದಂತೆ ಜನರ ಆಸ್ತಿಯನ್ನು ಕಸಿಯತೊಡಗಿದಾಗ ಜಹಗೀರುದಾರರು ತಿರುಗಿಬಿದ್ದು, 1215ರಲ್ಲಿ ಅವನಿಂದ ಮಹಾಸನ್ನದಿಗೆ ಮುದ್ರೆ ಹಾಕಿಸಿದರು. ಸ್ವತಂತ್ರನಾದ ಯಾವನನ್ನೂ ನ್ಯಾಯವಾದ ತೀರ್ಪಿಲ್ಲದೆ ಬಂಧಿಸಬಾರದು, ಅವನ ನೆಲವನ್ನು ಕಸಿಯಬಾರದು ಎಂಬುದು ಅದರ ತಿರುಳು. ತಂದೆಯು ಪ್ರಜೆಗಳ ನಡುವಣ ವ್ಯಾಜ್ಯಕ್ಕೆ ಹಾಕಿದ ಕಟ್ಟು ಮಗನ ಕಾಲದಲ್ಲಿ ಅರಸನನ್ನೇ ಕಟ್ಟಿತು! ಅದೇ ವರ್ಷ ಚರ್ಚು ದಿವ್ಯಪರೀಕ್ಷೆಯಲ್ಲಿ ಪಾದ್ರಿಗಳು ಭಾಗವಹಿಸುವುದನ್ನು ನಿಷೇಧಿಸಿತು. ಅದರ ಸ್ಥಾನಕ್ಕೆ ಇಂಗ್ಲೆಂಡಿನಲ್ಲಿ ಜ್ಯೂರಿಯ ವಿಚಾರಣೆ ಬಂದಿತು.

ಆಂಗ್ಲರ ಆಳಿಕೆಯೊಡನೆ ಈ ಪರಂಪರೆಯು ನಮ್ಮ ದೇಶಕ್ಕೂ ಬಂದಿತು. ಜ್ಯೂರಿಯ ಪದ್ಧತಿ ನಮ್ಮಲ್ಲಿ ಉಳಿಯಲಿಲ್ಲ. ಆದರೆ ರಿಟ್ ಎಂಬ ಹೆಸರು ನಮ್ಮ ಸಂವಿಧಾನದಲ್ಲಿಯೇ ಇದೆ. 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ ಆರನೆಯ ಕಲಮಿನಲ್ಲಿ ಹೆನ್ರಿಯ ರೈತನಿಗೆ ದೊರೆತಂಥ ಪರಿಹಾರವನ್ನೇ ಕಾಣಬಹುದು. ಒಪ್ಪಿಗೆಯಿಲ್ಲದೆ, ಕಾನೂನಿನ ಕ್ರಮವಿಲ್ಲದೆ ಸ್ಥಿರಾಸ್ತಿಯಿಂದ ಹೊರದೂಡಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹೂಡಿದರೆ, ಒಡೆತನದ ಪ್ರಶ್ನೆಯನ್ನು ಬದಿಗಿಟ್ಟು ನ್ಯಾಯಾಲಯವು ಅವನ ಸ್ವಾಧೀನವನ್ನು ಮರಳಿ ಕೊಡಿಸಬಲ್ಲುದು. ಸರಕಾರದ ವಿರುದ್ಧ ಮಾತ್ರ ಈ ಕಲಮಿನಂತೆ ದಾವೆ ಸಲ್ಲದು. ಹೆನ್ರಿಯ ವಿಶಾಲ ಸಾಮ್ರಾಜ್ಯವು ಜಾನನ ಕಾಲದಲ್ಲಿಯೇ ಬಹುಪಾಲು ಕೈಬಿಟ್ಟುಹೋಯಿತು. ಹನ್ನೆರಡು ಮಂದಿ ನೆರೆಯವರಿಗೆ ಅವನು ಹಾಕಿಸಿದ ಆ ಒಂದು ಪ್ರಶ್ನೆ ಮಾತ್ರ ಉಳಿದುಬಂದಿದೆ.